‘ಮನಿ ಕಡೆ ನಡೀರಿ’ ಎಂದು ಕಲಿಸಿದ ಹವಾಲ್ದಾರರು

ಮೊನ್ನೆ ನಮ್ಮ ಶಾಲೆಯ ಹುಡುಗಿಯರು ಹಿತ್ತಾಳೆಯ ಗಂಟೆಯನ್ನು ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹುಳಿಯೂ ಲೋಹವೂ ಕೂಡಿದ ಆ ವಾಸನೆ, ಹಲ್ಲು ಜುಮ್ಮೆನ್ನಿಸುವ ವಾಸನೆ, ವರ್ಗದ ಕೋಣೆಯವರೆಗೂ ಬಂತು. ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ. ವಾಸನೆಯಿಂದ ಹಳೆಯದೆಲ್ಲ ಎದ್ದು ಬಂತು ಎಂದು ಯಾರಾದರೂ ಹೇಳಿದರೆ ನಾನು ನಂಬುವವಳಲ್ಲ. ನೆನೆಯಲು ಮನಸ್ಸಿದ್ದವರು ನೆಪವನ್ನು ಮೂಗಿನ ಮೇಲೆ ಹಾಕುತ್ತಾರೆ ಎಂದು ವಾದಿಸುವವಳು. ಆದರೆ ಅಂದು ನನ್ನ ಕಣ್ಣಿಗೆ ಕಂಡದ್ದು ಗಂಟೆಯಲ್ಲ. ಒಂದು ಚರ್ಮದ ಪಟ್ಟಾ, ಅದರ ನಡುವೆ ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ಬಿಲ್ಲೆ, ಅದರ ಹಿಂದೆ ತುಸು ಮುಂದೆ ಬಂದ ಹೊಟ್ಟೆ. ಖಾನಾಪುರದಲ್ಲಿ ನಮ್ಮ ಹವಾಲ್ದಾರರು ಬೆಳಗಿನ ಹೊತ್ತು ಠಾಣೆಯ ಕಟ್ಟೆಯ ಮೇಲೆ ಕುಳಿತು ಆ ಬಿಲ್ಲೆಯನ್ನು ಹೀಗೆಯೇ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದರು...

‘ನಮ್ಮ ಹವಾಲ್ದಾರರು’ ಎಂದರೆ ಬೆಳಗಾವಿಯ ನನ್ನ ಗೆಳತಿಯರು ಹುಬ್ಬು ಗಂಟಿಕ್ಕುತ್ತಾರೆ. ಪರರ ಸರಕಾರದ ಅನ್ನ ಉಂಡವನು ನಮ್ಮವನು ಹೇಗಾದಾನು? ಪ್ರಶ್ನೆ ಸರಿಯಾಗಿಯೇ ಇದೆ. ಹೈಸ್ಕೂಲಿನ ಚರ್ಚಾಕೂಟದಲ್ಲಿ ಆ ಪಕ್ಷ ಹಿಡಿದು ನಾನೇ ಗೆದ್ದವಳು. ಇವತ್ತು ಕರೆದರೂ ಅದೇ ಪಕ್ಷವನ್ನೇ ಹಿಡಿದೇನು. ಆದರೆ ಪೊಲೀಸ್ ಖಾತೆಯ ಬಗ್ಗೆ ಹೇಳುವ ಮಾತು ಬೇರೆ, ಒಬ್ಬ ಮನುಷ್ಯನ ಋಣ ಬೇರೆ. ಮೊದಲನೆಯದನ್ನು ಹೇಳುವ ಬಾಯಿ ನನಗೆ ಬಂದದ್ದೇ ಎರಡನೆಯದರಿಂದ ಎಂಬುದನ್ನು ನಾನು ಮರೆತರೆ ನನ್ನ ವಾದಕ್ಕೆ ಬೇರು ಇಲ್ಲದಂತಾದೀತು.

ನಮ್ಮೂರಿನಲ್ಲಿ ಮಕ್ಕಳು ಬೆಳೆಯುತ್ತಿದ್ದದ್ದು ಹಾಲು, ರೊಟ್ಟಿ ಮತ್ತು ಪೊಲೀಸರ ಮೇಲೆ. ಉಣ್ಣದಿದ್ದರೆ ಪೊಲೀಸ ಬರುತ್ತಾನೆ, ಮಲಗದಿದ್ದರೆ ಪೊಲೀಸ ಒಯ್ಯುತ್ತಾನೆ. ಗುಮ್ಮನನ್ನು ಯಾರೂ ಕಂಡಿರಲಿಲ್ಲ. ಪೊಲೀಸನಾದರೆ ದಿನಾ ಓಣಿಯಲ್ಲಿ ಹಾದು ಹೋಗುತ್ತಿದ್ದ. ಹೀಗಾಗಿ ತಾಯಂದಿರಿಗೆ ಗುಮ್ಮನಿಗಿಂತ ಅವನೇ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದ. ಹವಾಲ್ದಾರರು ಆ ತುದಿಯಲ್ಲಿ ಕಂಡರೆ ಈ ತುದಿಯ ಮಕ್ಕಳೆಲ್ಲ ಬಾಗಿಲ ಹಿಂದೆ. ಅವರು ನಕ್ಕರೆ ಇನ್ನೂ ಹೆದರಿಕೆ. ಪೊಲೀಸರು ನಗುನಗುತ್ತಲೇ ಹಿಡಿಯುತ್ತಾರೆ ಎಂದು ಆಯಿ ಹೇಳಿಕೊಟ್ಟಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ಬೆಳಗಾವಿಯಲ್ಲಿ ಕಾರಕೂನರಾಗಿದ್ದು ಹಬ್ಬಕ್ಕೆ ಮಾತ್ರ ಬರುತ್ತಿದ್ದರಿಂದ ಖಾನಾಪುರದ ಮನೆಯಲ್ಲಿ ಅವಳ ಮಾತೇ ಕಾಯಿದೆ.

ನಾನು ಕನ್ನಡ ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಒಂದು ಸಂತೆಯ ದಿನ, ನಂದಗಡದ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ಗದ್ದಲದಲ್ಲಿ ತಾಯಿಯಿಂದ ತಪ್ಪಿಸಿಕೊಂಡಳು. ಯಾವನೋ ಒಬ್ಬ ‘ನಿಮ್ಮವ್ವ ಹೊಳಿ ಕಡೆ ಹೋಗ್ಯಾಳ, ಬಾ’ ಎಂದು ಮಲಪ್ರಭೆಯ ದಂಡೆಗೆ ಕರೆದೊಯ್ದು, ಕಿವಿಯ ಬುಗುಡಿಗಳನ್ನು ಕಿತ್ತುಕೊಂಡು ಓಡಿಹೋದ. ಕಿವಿ ಹರಿದು ರಕ್ತ ಸುರಿಯುತ್ತಿದ್ದ ಆ ಮಗುವನ್ನು ಹುಡುಕಿದವರು ಹವಾಲ್ದಾರರೇ. ಆದರೆ ಪಟ್ಟಾ ಕಂಡದ್ದೇ ತಡ, ಹುಡುಗಿ ಹಿಂದೆ ಹಿಂದೆ ಸರಿಯುತ್ತ ನೀರಿಗೆ ಇಳಿದಳು. ಕಳ್ಳನ ಕೈ ಹಿಡಿದು ಬಂದವಳು ಪೊಲೀಸನನ್ನು ಕಂಡು ಹೊಳೆಗೆ ಇಳಿದಳು! ಹವಾಲ್ದಾರರು ಪಟ್ಟಾ ಬಿಚ್ಚಿ, ತಲೆಯ ಪಟಗಾ ತೆಗೆದು ಮರಳಿನ ಮೇಲಿಟ್ಟು, ಅಲ್ಲಿಯೇ ಕುಳಿತುಬಿಟ್ಟರಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಹುಡುಗಿಯನ್ನು ಎದೆಮಟ್ಟದ ನೀರಿನಿಂದ ಎಳೆದುಕೊಂಡು ಬಂದಳು. ಕಳ್ಳ ಸಿಗಲಿಲ್ಲ.

ಆ ಸಂಜೆಯೇ ಆಯಿ ತೀರ್ಪು ಕೊಟ್ಟಳು. “ಸಾಲಿ ಸಾಕು. ಹೆಣ್ಣಮಗಳು ದಿನಾ ಆ ದಾರಿ ತುಳಿಯೂದು ಬ್ಯಾಡ.” ಶಾಲೆ ಬಿಟ್ಟ ಹುಡುಗಿಯ ಮುಂದಿನ ಇಯತ್ತೆ ಲಗ್ನ, ಪಾರಿಶ್ವಾಡದ ಕಡೆಯ ಒಂದು ಮನೆತನದ ಮಾತು ಆಗಲೇ ಅಡಿಗೆಮನೆಯಲ್ಲಿ ನಡೆದಿತ್ತು. ನಾನು ಅತ್ತೆ, ವಾದಿಸಿದೆ, ಉಪವಾಸ ಕುಳಿತೆ. ಎದುರುತ್ತರ ಕೊಡುವ ಹುಡುಗಿಗೆ ಗಂಡನ ಮನೆಯೇ ಔಷಧ ಎಂದು ಆಯಿ ಇನ್ನಷ್ಟು ಗಟ್ಟಿಯಾದಳು.

ಅಂಥ ಹೊತ್ತಿನಲ್ಲಿ ಹವಾಲ್ದಾರರು ನಮ್ಮ ಕಟ್ಟೆಗೆ ಬಂದರು. ಮನೆ ಮನೆಗೂ ಹೋಗುತ್ತಿದ್ದರಂತೆ. ಒಳಗೆ ತಕಲಿಯಲ್ಲಿ ನೂಲು ತೆಗೆಯುತ್ತಿದ್ದ ನನ್ನ ಕಾಕಾ, ಅಪ್ಪನ ತಮ್ಮ, ಹೆಂಡದಂಗಡಿಯ ಮುಂದಿನ ಸತ್ಯಾಗ್ರಹದಲ್ಲಿ ಲಾಠಿಯ ರುಚಿ ಕಂಡು ಬಂದವನು, ಹೊರಗೆ ಕೇಳುವ ಹಾಗೆಯೇ ಹೇಳಿದ: “ಅಂವಗ ಕುಂದರ್ರಿ ಅನಬ್ಯಾಡ, ಆಯಿ.”

“ನಿಂತೇ ಹೇಳತೇನಿ ಬಿಡ್ರಿ,” ಎಂದರು ಹವಾಲ್ದಾರರು. “ಎರಡ ಮಾತು. ಸಣ್ಣ ಮಕ್ಕಳ ಮೈಮ್ಯಾಲಿನ ಬಂಗಾರ ತಗದ ಇಡ್ರಿ. ಮತ್ತ, ನನ್ನ ಹೆಸರ ಹೇಳಿ ಅವ್ರನ್ನ ಹೆದರಸಬ್ಯಾಡ್ರಿ.”

“ಹಂಗಾದ್ರ ಈ ಹುಡಿಗಿಗೆ ಯಾರ ಹೆಸರ ಹೇಳಿ ಉಣಸ್ಲೋ, ಹವಾಲ್ದಾರಪ್ಪಾ?”

“ನಿಮ್ಮ ಹೆಸರ ಹೇಳ್ರಿ ಆಯೀ. ನಾನೂ ಹೆದರತೇನಿ.”

ಆಯಿಗೆ ನಗು ತಡೆಯಲಾಗಲಿಲ್ಲ. ನಗುವನ್ನು ಮುಚ್ಚಲು ಅವರ ಜಾತಿ ಕೇಳಿದಳು. “ಪಟ್ಟಾದ ಜಾತಿ ರೀ,” ಎಂದರು ಅವರು. “ಎಲ್ಲಾರೂ ಹೊರಗ ನಿಲ್ಲಸ್ತಾರ.” ಆಮೇಲೆ ಸ್ವರ ತಗ್ಗಿಸಿ ಹೊಳೆಯ ಸುದ್ದಿ ಹೇಳಿದರು. “ಆ ಕೂಸು ಕಳ್ಳಗ ಹೆದರಲಿಲ್ರಿ, ನನಗ ಹೆದರಿತು. ನೀರ ಇನ್ನಷ್ಟ ಇದ್ದಿದ್ರ...” ಅದನ್ನು ಅಲ್ಲಿಗೇ ಬಿಟ್ಟು, ಹುಡುಗಿಯರನ್ನು ಶಾಲೆ ಬಿಡಿಸಬೇಡಿ, ಎಚ್ಚರದ ಪಾಠ ನಾನೇ ಹೇಳಿಕೊಡುತ್ತೇನೆ ಎಂದರು. ಆಯಿ ಕಂಬಕ್ಕೆ ಒರಗಿ ಕುಳಿತಳು. ಕೊನೆಗೆ ಶಾಲೆಗೆ ಕಳಿಸಲು ಒಪ್ಪಿದಳು. ಆದರೆ ಕರಾರಿಲ್ಲದೆ ಆಯಿ ಏನನ್ನೂ ಒಪ್ಪುತ್ತಿರಲಿಲ್ಲ. “ದಾರ್ಯಾಗ ಯಾವನರ ಈಕಿ ಕೈ ಹಿಡದಾ ಅಂತ ನನ್ನ ಕಿವಿಗೆ ಬಿತ್ತಂದ್ರ, ಅವತ್ತ ಸಾಲಿ ಪಾಟಿ ಒಲಿಯಾಗ.”

ಹವಾಲ್ದಾರರು ನಮಗೆ ಕಲಿಸುವ ಅಕ್ಕೋರನ್ನು ಒಪ್ಪಿಸಿ, ಶಾಲೆಯ ಪಡಸಾಲೆಯಲ್ಲಿ ಹುಡುಗಿಯರನ್ನು ಕೂರಿಸಿಕೊಂಡು ಪಾಠ ಹೇಳಲು ಬಂದರು. ಪಟ್ಟಾ ಬಿಚ್ಚಿ ನಮ್ಮ ನಡುವೆ ಇಟ್ಟರು. ಬೇಕಾದವರು ಮುಟ್ಟಿ ನೋಡಿ ಎಂದರು. ಹುಣಸೆಹಣ್ಣಿನ ವಾಸನೆ ಆಗಲೇ ನನಗೆ ಬಡಿದದ್ದು. ಅವರ ಪಾಠ ಸಣ್ಣದಾಗಿತ್ತು. ಯಾರಾದರೂ ಕರೆದರೆ ಪ್ರಶ್ನೆ ಕೇಳಬೇಕು: ಯಾರು ಕಳಿಸಿದರು, ಯಾಕೆ ಕಳಿಸಿದರು. ಒಳ್ಳೆಯವನು ಸಮಾಧಾನದಿಂದ ಹೇಳುತ್ತಾನೆ, ಕೆಟ್ಟವನಿಗೆ ಸಿಟ್ಟು ಬರುತ್ತದೆ. ಸಿಟ್ಟಿಗೆದ್ದವನ ಜೊತೆ ಹೋಗಬೇಡಿ.

ನಾನು ಎದ್ದು ನಿಂತೆ. “ಕಳ್ಳಾ ಸಿಟ್ಟಿಗೇಳದಿದ್ರ? ನಂದಗಡದ ಹುಡಿಗೀನ ಕರಕೊಂಡ ಹೋದಾವ ಸಿಹಿಯಾಗೇ ಮಾತಾಡಿದ್ನಲ್ಲರೀ? ಸಿಟ್ಟಿನವ್ರು ಕಳ್ಳರಾಗಿದ್ರ ನಮ್ಮ ಆಯೀನ ಮೊದಲ ಹಿಡೀಬೇಕು.”

ಹುಡುಗಿಯರು ಕಿಸಕ್ಕೆಂದರು. ಅಕ್ಕೋರು ಬೆತ್ತ ಹುಡುಕಿದರು. ಹವಾಲ್ದಾರರು ಕೈ ಅಡ್ಡ ಹಿಡಿದು ಹೇಳಿದ ಮಾತನ್ನು ನನ್ನ ಜೀವನದಲ್ಲಿ ಅದಕ್ಕೆ ಮೊದಲು ಯಾವ ಹಿರಿಯರೂ ನನಗೆ ಹೇಳಿರಲಿಲ್ಲ: “ಬಿಡ್ರಿ ಅಕ್ಕೋರ. ಆಕಿ ಖರೇ ಕೇಳ್ಯಾಳ. ನನ್ನ ಕಡೆ ಜವಾಬ ಇಲ್ಲ.” ಪಟ್ಟಾ ಕಟ್ಟಿಕೊಂಡು ಹೊರಟುಹೋದರು.

ಮುಂದಿನ ವಾರ ಬಂದರು. ಬಂದವರು ನನ್ನನ್ನೇ ಹುಡುಕಿದರು. “ವಕೀಲಬಾಯೀ, ಇದನ್ನ ಕೇಳು. ಅಂವ ಸಿಹಿ ಮಾತಾಡ್ಲಿ, ಖಾರ ಮಾತಾಡ್ಲಿ. ನೀ ಅನಬೇಕು, ‘ಮೊದಲ ನಮ್ಮ ಮನಿ ಕಡೆ ನಡೀರಿ, ಪ್ಯಾಟಿ ದಾರೀಲೆ ಹೋಗೂಣು, ನೀವು ಮುಂದ, ನಾ ಹಿಂದ.’ ನಮ್ಮವ ಇದ್ರ ನಡೀತಾನ. ಕಳ್ಳ ಇದ್ರ ಮಂದೀ ನಡುವ ನಿನ್ನ ಮನಿಗೆ ಯಾಕ ಬಂದಾನು?”

ನಾನು ಯೋಚಿಸಿದೆ. ತೂತು ಹುಡುಕಿದೆ. ಸಿಕ್ಕಿತು. “ಕರಿಯಾಕ ಬಂದಾವ ಪೊಲೀಸ ಇದ್ರ?”

ಈ ಸಲ ಯಾರೂ ನಗಲಿಲ್ಲ. ಹವಾಲ್ದಾರರು ತಮ್ಮ ಬಿಲ್ಲೆ ನೋಡಿಕೊಂಡರು. ಸುಲಭವಾದ ಉತ್ತರವೊಂದಿತ್ತು: ಪೊಲೀಸರ ಜೊತೆ ಸುಮ್ಮನೆ ಹೋಗಬೇಕು. ಅವರ ಸಾಹೇಬರು ಕೇಳಿದ್ದರೆ ಅದನ್ನೇ ಹೇಳು ಎನ್ನುತ್ತಿದ್ದರು. ಅವರು ಹೇಳಿದ್ದು ಬೇರೆ. “ಪಟ್ಟಾ ಕಂಡ್ರೂ ಈ ಮಾತ ಬಿಡಬ್ಯಾಡ. ನಾ ಬಂದ್ರೂ ಬಿಡಬ್ಯಾಡ.”

ಆಮೇಲೆ ರೂಢಿ ಮಾಡಿಸುವ ಕೆಲಸ. ಹವಾಲ್ದಾರರೇ ಕಳ್ಳನ ವೇಷ. ಅಷ್ಟು ಕೆಟ್ಟ ಕಳ್ಳನನ್ನು ನಾನು ಆಮೇಲೆ ಯಾವ ಬಯಲಾಟದಲ್ಲೂ ಕಾಣಲಿಲ್ಲ. ‘ಪೇಢೆ ಕೊಡ್ತೇನಿ ಬಾರವ್ವಾ’ ಎನ್ನುವಾಗ ಅವರಿಗೇ ನಗು ಬರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ‘ಮನಿ ಕಡೆ ನಡೀರಿ’ ಎಂದು ಅವರನ್ನು ಪೇಟೆಯ ನಡುವೆ ಮುಂದೆ ಬಿಟ್ಟುಕೊಂಡು ನಡೆಸುತ್ತಿದ್ದರು. ಮುಂದೆ ಪಟಗಾ ಕಟ್ಟಿದ ಹವಾಲ್ದಾರ, ಹಿಂದೆ ಮೊಣಕಾಲುದ್ದದ ಹುಡುಗಿ. ಬಳೆಗಾರ ಅಂಗಡಿಯಿಂದ ಕೂಗುತ್ತಿದ್ದ, “ಏನ್ರೀ ಹವಾಲ್ದಾರ್ರ, ಯಾವ ಗುನ್ಹೇದಾಗ ಸಿಕ್ರಿ ಇವತ್ತ?” ದರ್ಜಿ ಹೊಲಿಗೆ ನಿಲ್ಲಿಸಿ, “ಬಿಡಬ್ಯಾಡವ್ವಾ, ಜಾಮೀನ ಯಾರೂ ಕೊಡೂದಿಲ್ಲ” ಎನ್ನುತ್ತಿದ್ದ. ಮನೆಯ ಬಾಗಿಲಿಗೆ ಬಂದ ಮೇಲೆ ತಾಯಂದಿರು ಮೊದಮೊದಲು ಸೆರಗು ಎಳೆದುಕೊಂಡು ಒಳಗೆ ಸರಿದರು. ಬರಬರುತ್ತ ನೀರು ಕೊಟ್ಟರು. ಬರಬರುತ್ತ ಮಜ್ಜಿಗೆ ಕೊಟ್ಟರು. ಬಾವಿಯ ಕಟ್ಟೆಯ ಜಗಳ, ಕಳೆದುಹೋದ ಎಮ್ಮೆ, ಹೊಡೆಯುವ ಗಂಡ, ಎಲ್ಲವೂ ಆ ಮಜ್ಜಿಗೆಯ ಜೊತೆ ಅವರ ಕಿವಿಗೆ ಬೀಳತೊಡಗಿದವು.

ಕಾಕಾ ಮಾತ್ರ ಸೋಲಲಿಲ್ಲ. “ಇದು ಸರಕಾರದ ಹುನ್ನಾರ,” ಎನ್ನುತ್ತಿದ್ದ. “ಮಕ್ಕಳ ಗೆಳೆತನಾ ಮಾಡಿ ಮನೀ ಸುದ್ದಿ ತಗೀತಾರ. ಒಂದ ದಿನ ನಿನ್ನನ್ನ ಹಿಡದು, ನಿಮ್ಮ ಕಾಕಾ ಎಲ್ಲಿ ಅಂತ ಕೇಳತಾರ, ನೋಡಕೋತ ಇರು.” ಈ ವಾದ ನನ್ನನ್ನು ಕಾಡಿತು. ಹುರುಳಿಲ್ಲದ ವಾದ ಎಂದು ಆಗಲೂ ಅನ್ನಿಸಲಿಲ್ಲ.

ಅಂಥದೇ ದಿನ ಬಂತು. ಕಾಕಾ ಹೆಂಡದಂಗಡಿಯ ಮುಂದೆ ಮತ್ತೆ ಭಾಷಣ ಮಾಡಿ, ಪಾರಿಶ್ವಾಡದ ಗೆಳೆಯನೊಬ್ಬನ ಹೊಲದ ಮನೆಗೆ ಹೋಗಿ ಅಡಗಿದ್ದ. ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ನಾನೇ ಬುತ್ತಿ ಕಟ್ಟಿದ್ದೆ. ಬೇರೆ ಊರಿನಿಂದ ಬಂದೋಬಸ್ತಿನ ಪೊಲೀಸರು ಬಂದಿಳಿದಿದ್ದರು. ಮಧ್ಯಾಹ್ನದ ಸೂಟಿಯಲ್ಲಿ ಅವರಲ್ಲೊಬ್ಬ, ಇನ್ನೂ ಎಳೆಯ ಮೀಸೆಯವನು, ಶಾಲೆಯ ಬಾಗಿಲಿಗೆ ಬಂದು ನನ್ನನ್ನು ಕರೆದ.

“ನಿಮ್ಮ ಹವಾಲ್ದಾರ್ರು ಕರೀಲಿಕತ್ತಾರ. ಠಾಣೇಕ್ಕ ಬಾ. ಒಂದ ಮಾತ ಕೇಳಿ ಬಿಟ್ಟಬಿಡ್ತಾರ.”

ಸಿಹಿಯಾಗಿಯೇ ಹೇಳಿದ. ಪಟ್ಟಾ ಖರೇ ಪಟ್ಟಾವೇ. ಹೆಸರು ಹೇಳಿದ್ದು ನಾನು ನಂಬುವ ಹೆಸರೇ. ಆದರೂ ಹೇಳಿದೆ: “ಮೊದಲ ನಮ್ಮ ಮನಿ ಕಡೆ ನಡೀರಿ. ನೀವು ಮುಂದ, ನಾ ಹಿಂದ.”

“ಮನೀಗೇನ ಕೆಲಸ? ನಡಿ ಸುಮ್ನ,” ಎಂದು ನನ್ನ ಮುಂಗೈ ಹಿಡಿದ.

ಅವನು ಕೈ ಹಿಡಿದ ಕ್ಷಣ ನನಗೆ ಠಾಣೆಯ ಭಯವಾಗಲಿಲ್ಲ, ಕಾಕಾನ ನೆನಪೂ ಆಗಲಿಲ್ಲ. ಒಲೆಯಲ್ಲಿ ಉರಿಯುವ ಪಾಟಿ ಕಂಡಿತು. ಅಲ್ಲಿಯೇ ಮಣ್ಣಿನಲ್ಲಿ ಕುಳಿತುಬಿಟ್ಟೆ, ಗಂಟಲು ಹರಿಯುವಂತೆ ಕೂಗಿದೆ: “ಮನಿ ಕಡೆ ನಡೀರಿ!” ಪಡಸಾಲೆಯಿಂದ ಹುಡುಗಿಯರೆಲ್ಲ ಓಡಿ ಬಂದು ಅದೇ ಮಾತನ್ನು ಕೂಗತೊಡಗಿದರು. ಪೇಟೆಯವರಿಗೆ ಆ ಕೂಗು ಹೊಸದಲ್ಲ. ಬಳೆಗಾರ ಬಂದ, ದರ್ಜಿ ಕತ್ತರಿ ಹಿಡಿದೇ ಬಂದ. ಈ ಸಲ ಕಳ್ಳ ನಗುತ್ತಿಲ್ಲ ಎಂಬುದು ಅವರಿಗೆ ಕಂಡಿತು. ಎಲ್ಲರೂ ಸುತ್ತ ನಿಂತರು. ಆ ಎಳೆಯ ಪೊಲೀಸ ಬೆವರಿದ, ಆದರೆ ಕೈ ಬಿಡಲಿಲ್ಲ. ಅವನಿಗೂ ಹುಕುಂ ಇತ್ತು.

ಠಾಣೆಯ ಕಡೆಯಿಂದ ಹವಾಲ್ದಾರರು ಓಡಿ ಬಂದರು. ನಾನು ಅವರ ಮುಖ ನೋಡಿದೆ. ಹೇಳುವುದನ್ನು ಹೇಳಿಬಿಟ್ಟಿದ್ದರು, ಪಡಸಾಲೆಯಲ್ಲಿ ಹೇಳುವುದು ಸುಲಭ. ಈಗ ನೌಕರಿ ಒಂದು ಕಡೆ, ಮಾತು ಒಂದು ಕಡೆ. ಕಾಕಾ ಅಂದದ್ದು ಖರೇ ಆಗುತ್ತದೆಯೋ ಏನೋ...

“ಹುಡಿಗಿ ಎಲ್ಲಿಗೆ ನಡಿ ಅಂದಾಳ?” ಎಂದು ಅವನನ್ನು ಕೇಳಿದರು.

“ಮನೀಗಂತ. ಆದ್ರ ಸಾಹೇಬ್ರ ಹುಕುಂ ಠಾಣೇಕ್ಕ ತರ್ರಿ ಅಂತ ಐತಿ. ನಿಮ್ಮ ಹೆಸರ ಹೇಳಿದ್ರ ಬರ್ತಾಳಂತ ಅವ್ರ ಹೇಳಿದ್ರು.”

ನಮ್ಮ ಹವಾಲ್ದಾರರ ಮುಖ ಕಪ್ಪಿಟ್ಟಿತು. “ನನ್ನ ಹೆಸರ ಹೇಳಿದ್ರಾ?” ಎಂದರು, ಮೆಲ್ಲಗೆ. ಆಮೇಲೆ ಇಡೀ ಪೇಟೆಗೆ ಕೇಳುವ ಹಾಗೆ: “ಕೈ ಬಿಡು. ಮುಂದ ನಡಿ. ಏನ ಕೇಳೂದೈತಿ, ಮನ್ಯಾಗ ಹಿರೇರ ಮುಂದ ಕೇಳು. ಸಾಹೇಬ್ರಿಗೆ ನಾ ಹೇಳತೇನಿ.”

ನಡೆದೆವು. ಮುಂದೆ ಅವನು, ಹಿಂದೆ ನಾನು, ನನ್ನ ಹಿಂದೆ ಹವಾಲ್ದಾರರು, ಅವರ ಹಿಂದೆ ಅರ್ಧ ಖಾನಾಪುರ. ಆಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಕೈಯ ಮೊರ ಕೆಳಗಿಡಲಿಲ್ಲ. ಪೊಲೀಸ ಗಂಟಲು ಸರಿಮಾಡಿಕೊಂಡು, ನಿಮ್ಮ ಸಣ್ಣ ಮಗ ಎಲ್ಲಿದ್ದಾನೆ ಎಂದು ಕೇಳಿದ.

“ಹೊಟ್ಟ್ಯಾಗಿದ್ದಾಗ ಗೊತ್ತಿತ್ತಪ್ಪಾ,” ಎಂದಳು ಆಯಿ. “ಹೊರಗ ಬಂದ ಮ್ಯಾಲ ನನಗ್ಯಾವಾಗ ಹೇಳಿ ಹೋಗ್ಯಾನ? ನೀ ಇಲ್ಲಿಗೆ ಬಂದದ್ದು ನಿಮ್ಮವ್ವಗ ಗೊತ್ತೈತೇನ?”

ಜನ ಗೊಳ್ಳೆಂದರು. ಆ ಹುಡುಗ ಪೊಲೀಸನ ತುಟಿಯೂ ಬಿರಿಯಿತು, ಪಾಪ. ನನ್ನನ್ನು ಕೇಳಬೇಕಾದದ್ದನ್ನು ಅವನು ಕೇಳಲೇ ಇಲ್ಲ; ಕೇಳಿದ್ದರೆ ಆಯಿಯ ಮುಂದೆ ನಾನು ಸುಳ್ಳು ಹೇಳಬೇಕಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಮುಂಗೈಯ ಕೆಂಪು ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ಆಯಿ ಕೈ ಹಿಡಿದು ನೋಡಿದಳು. “ಯಾವನರ ಕೈ ಹಿಡದ್ರ ಪಾಟಿ ಒಲಿಯಾಗ ಅಂದಿದ್ದೆ, ಖರೇ,” ಎಂದಳು. “ಆದ್ರ ಇವತ್ತ ಯಾರು ಯಾರನ್ನ ಹಿಡಕೊಂಡ ಬಂದ್ರು? ಹೋಗು, ಸಾಲಿ ಇನ್ನೂ ಬಿಟ್ಟಿಲ್ಲ.” ಪಾರಿಶ್ವಾಡದ ಮನೆತನದ ಮಾತು ಆಮೇಲೆ ಏಳಲಿಲ್ಲ. ನಾನು ಹೈಸ್ಕೂಲಿಗೆ ಬೆಳಗಾವಿಗೆ ಹೋಗುವಾಗ ಓಣಿಯ ಹೆಂಗಸರು ಮೂಗು ಮುರಿದರೆ ಆಯಿಯದು ಒಂದೇ ಉತ್ತರ: ಪೊಲೀಸನನ್ನು ದನ ಹೊಡೆದುಕೊಂಡು ಬಂದ ಹಾಗೆ ಮನೆಗೆ ಹೊಡೆದುಕೊಂಡು ಬಂದವಳಿಗೆ ಬೆಳಗಾವಿ ಯಾವ ಲೆಕ್ಕ?

ಕಾಕಾ ತಿರುಗಿ ಬಂದು ಎಲ್ಲ ಕೇಳಿದ. “ನಾ ಅಂದದ್ದ ಆತಿಲ್ಲೋ? ನಿನ್ನನ್ನ ಹಿಡದ ಕೇಳಾಕ ಬಂದ್ರಿಲ್ಲೋ?” ಬಂದರು, ಎಂದೆ. ತಡೆದವರೂ ಪೊಲೀಸರೇ, ಎಂದೆ. ಅವನು ತಕಲಿ ಎತ್ತಿಕೊಂಡ. ಆ ಚರ್ಚೆಯಲ್ಲಿ ನಮ್ಮಿಬ್ಬರಲ್ಲಿ ಯಾರು ಗೆದ್ದರು ಎಂದು ನನಗೆ ಇಂದಿಗೂ ಹೇಳಲಾಗದು. ಸಾಹೇಬರ ಮಾತು ಮೀರಿದ ಹವಾಲ್ದಾರರಿಗೆ ಸ್ವಲ್ಪ ದಿನಗಳಲ್ಲೇ ವರ್ಗವಾಯಿತು. ದೂರದ ಯಾವುದೋ ಠಾಣೆಗೆ. ಹುದ್ದೆಯೂ ಇಳಿಯಿತು ಎಂದು ಜನ ಆಡಿಕೊಂಡರು. ರೈಲು ಹತ್ತುವ ದಿನ ತಾಯಂದಿರು ಬುತ್ತಿ ತಂದಿದ್ದರು, ಒಬ್ಬ ಪೊಲೀಸನಿಗೆ! ಕಾಕಾ ನಿಲ್ದಾಣದ ಕಂಬದ ಹತ್ತಿರ ದೂರವೇ ನಿಂತಿದ್ದ. ರೈಲು ಅಲುಗಿದಾಗ ಕೈ ಜೋಡಿಸಿದ.

ಹೋದ ಮಳೆಗಾಲದಲ್ಲಿ ಸುದ್ದಿ ತಂದವನೂ ಕಾಕಾನೇ. ಬೆಳಗಾವಿಗೆ ಬಂದು, ಕೊಡೆ ಮಡಚಿ, ಕುಳಿತುಕೊಳ್ಳುವ ಮೊದಲೇ ಹೇಳಿದ: “ನಿನ್ನ ಹವಾಲ್ದಾರ ಹೋಗಿಬಿಟ್ಟ.” ‘ನಿನ್ನ’ ಎಂದ. ಅದರಲ್ಲಿ ಚುಚ್ಚುಮಾತು ಇರಲಿಲ್ಲ...

ಈಗ ನಾನು ಇಲ್ಲಿ ಬೆಳಗಾವಿಯಲ್ಲಿ ಸಣ್ಣ ಹುಡುಗಿಯರಿಗೆ ಕಲಿಸುತ್ತೇನೆ. ಹವಾಲ್ದಾರರ ಪಾಠವನ್ನೂ ಕಲಿಸುತ್ತೇನೆ, ಕಳ್ಳನ ವೇಷ ನನ್ನದೇ. ಹದಿನೈದು ದಿನಗಳ ಹಿಂದೆ, ಎಲ್ಲರೂ ನಕ್ಕು ಕೂಗಿ ಮುಗಿದ ಮೇಲೆ, ಹಿಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಶಾಲೆ ಬಿಟ್ಟರೂ ಬೇಗ ಹೊರಡದ ಹುಡುಗಿ. ಯಾವಾಗಲೂ ಏನಾದರೊಂದು ನೆಪ ಮಾಡಿ ಉಳಿಯುವವಳು.

“ಅಕ್ಕೋರ,” ಎಂದಳು, “ಅಂವ ಮನ್ಯಾಗಿನಾವ ಇದ್ರ?”

ನೀನು ಖರೇ ಕೇಳಿದೆ, ನನ್ನ ಹತ್ತಿರ ಜವಾಬು ಇಲ್ಲ ಎಂದೆ. ಆಕೆಯನ್ನು ಅಂದು ಮನೆಗೆ ಕಳಿಸಲಿಲ್ಲ. ಅಂದಿನಿಂದ ಆಕೆ ನನ್ನ ಕೋಣೆಯಲ್ಲಿ ನನ್ನೊಡನೆ ಇದ್ದಾಳೆ. ಆಕೆಯ ಕಡೆಯ ಹಿರಿಯರು ಬಂದು ಜಗಳ ಮಾಡಿ ಹೋಗಿದ್ದಾರೆ, ಮತ್ತೆ ಬರುತ್ತಾರೆ. ಈ ಊರಿನ ಠಾಣೆಗೆ ಹೋಗಿ ಹೇಳಬೇಕು. ಅಲ್ಲಿ ಮೇಜಿನ ಆಚೆ ಎಂಥವರು ಕುಳಿತಿರುತ್ತಾರೋ ನನಗೆ ಗೊತ್ತಿಲ್ಲ. ನಾನು ಪೊಲೀಸರನ್ನು ನಂಬುವವಳಲ್ಲ. ಒಬ್ಬರನ್ನು ನಂಬಿದ್ದೆ, ಅವರು ಇಲ್ಲ. ನಾಳೆ ಬೆಳಿಗ್ಗೆ ಆ ಹುಡುಗಿಯ ಕೈ ಹಿಡಿದು ಹೋಗುತ್ತೇನೆ.